ಇಲ್ಲದ ಬ್ರಿಗೇಡಿನ ಸಾಬೂನು

ಸಮುದ್ರದಾಚೆ ಬೀಡುಬಿಟ್ಟಿದ್ದ ಆ ಸಿಗ್ನಲ್ ದಳದ ಇತಿಹಾಸವನ್ನು ಯಾರೇ ಬರೆಯಲಿ, ಒಂದು ಗಹನವಾದ ಸಂಗತಿಯನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕಾದದ್ದು ಅವರ ಕರ್ತವ್ಯ: ಮೂರನೆಯ ಬಟಾಲಿಯನ್ನಿನಲ್ಲಿ ಸಾಬೂನು ಮುಗಿದಿತ್ತು. ಮುಗಿದದ್ದಷ್ಟೇ ಅಲ್ಲ, ಬಂದ ಸಾಬೂನನ್ನು ಎರಡನೆಯ ಬಟಾಲಿಯನ್ನಿನವರು ದಾರಿಯಲ್ಲೇ ಗುಳುಂ ಮಾಡಿದರೆಂಬ ಗುಮಾನಿಯಿತ್ತು. ಆ ಕಾರಣಕ್ಕೆ ಇಬ್ಬರು ಮೇಜರುಗಳ ನಡುವೆ ಮಾತುಕತೆ ನಿಂತು, ಊಟದ ಮೇಜಿನಲ್ಲಿ ಒಬ್ಬರು ಉಪ್ಪು ಬೇಕೆಂದರೆ ಮೂರನೆಯವರ ಮೂಲಕ ಕೇಳುವ ಪರಿಸ್ಥಿತಿ ಬಂದಿತ್ತು.

ದಳದವರೇ ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿದ ಇತಿಹಾಸದಲ್ಲಿ ಇದರ ಸುಳಿವೇ ಇಲ್ಲ. ಕಾರಣವಿದೆ. ಆ ಬೀಡಿನಲ್ಲಿ ಮೂರನೆಯ ಬಟಾಲಿಯನ್ ಇರಲಿಲ್ಲ. ಎರಡನೆಯದೂ ಇರಲಿಲ್ಲ. ಮುನಿಸಿಕೊಂಡ ಮೇಜರುಗಳಂತೂ ತಾಯ ಹೊಟ್ಟೆಯಿಂದ ಹುಟ್ಟಿಯೇ ಇರಲಿಲ್ಲ. ಅಷ್ಟು ವಿಶಾಲವಾದ ಬಿಡಾರದಲ್ಲಿ ಇದ್ದವರು ಮೂರೇ ಜನ: ಒಬ್ಬ ರೇಡಿಯೋ ಆಪರೇಟರ್, ಒಬ್ಬ ಲೈನ್‌ಮನ್, ಜನರೇಟರ್ ನೋಡಿಕೊಳ್ಳುವ ಒಬ್ಬ ಮೆಕ್ಯಾನಿಕ್.

ಬ್ರಿಗೇಡು ಇದ್ದದ್ದು ನಿಜ. ಒಂದು ದಿನ ದಟ್ಟ ಮಂಜು ಕವಿದಾಗ ಇಡೀ ಬ್ರಿಗೇಡು ಸದ್ದಿಲ್ಲದೆ ಹಡಗು ಹತ್ತಿ, ಕರಾವಳಿಯ ಬೇರೊಂದು ತುದಿಗೆ ಹೋಯಿತು. ಎದುರು ಗುಡ್ಡದಲ್ಲಿ ಕೂತ ಶತ್ರುವಿಗೆ ಅದು ತಿಳಿಯಬಾರದಿತ್ತು. ಶತ್ರುವಿಗೆ ಬಿಡಾರ ಕಾಣುತ್ತಿದ್ದದ್ದು ದೂರದಿಂದ ಮಸುಕಾಗಿ, ಆದರೆ ರೇಡಿಯೋ ಕೇಳುತ್ತಿದ್ದದ್ದು ಸ್ಪಷ್ಟವಾಗಿ. ಆದ್ದರಿಂದ ಬ್ರಿಗೇಡು ಹೋದರೂ ಬ್ರಿಗೇಡಿನ ಹರಟೆ ಉಳಿಯಬೇಕೆಂದು ದೊಡ್ಡವರು ತೀರ್ಮಾನಿಸಿದರು. ಹರಟೆ ಹೊಡೆಯುವ ಗುತ್ತಿಗೆ ಆಪರೇಟರನ ತಲೆಗೆ ಬಂತು.

"ಒಂದು ವಾರ," ಎಂದಿದ್ದ ಹೊರಡುವ ಮುಂಚೆ ಕ್ಯಾಪ್ಟನ್. "ಆಮೇಲೆ ದೋಣಿ ಬರುತ್ತೆ. ನಿನ್ನ ಜೊತೆಗೆ ಇನ್ನಿಬ್ಬರು ಸಾಕು. ಯಾರು ಬೇಕು ಹೇಳು."

ಮೆಕ್ಯಾನಿಕ್‌ನನ್ನು ಆರಿಸುವುದು ಕಷ್ಟವಾಗಲಿಲ್ಲ. ಹಟಮಾರಿ ಜನರೇಟರ್ ಮಾತು ಕೇಳುತ್ತಿದ್ದದ್ದು ಅವನೊಬ್ಬನದೇ. ನಲವತ್ತಕ್ಕೇ ಕೂದಲು ಪೂರ್ತಿ ಬೆಳ್ಳಗಾದ್ದರಿಂದ ದಳಕ್ಕೆಲ್ಲ ಅವನು 'ಅಜ್ಜ'. ಲೈನ್‌ಮನ್ ಯಾರೆಂದು ಕೇಳಿದಾಗ ಆಪರೇಟರ್ ತನ್ನ ಷಡ್ಡಕನ ಕಡೆ ಕೈ ತೋರಿಸಿದ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಒಂದೇ ದಳದಲ್ಲಿದ್ದರು. ಊರಿನ ಬಂದರಿನಲ್ಲಿ ಬೀಳ್ಕೊಡುವಾಗ ನಾದಿನಿ ಆಪರೇಟರನಿಗೆ ಹೇಳಿದ್ದಳು, "ಭಾವ, ಇವ್ರಿಗೆ ಕಂಬ ಕಂಡ್ರೆ ಹತ್ತೋ ಚಪಲ. ಇಳಿಸಿಕೊಂಡು ಕರ್ಕೊಂಡ್ ಬನ್ನಿ, ಅಷ್ಟೇ." ಇವನು ಆಗಲಿ ಎಂದಿದ್ದ. ಬ್ರಿಗೇಡು ಹೋಗುತ್ತಿದ್ದದ್ದು ಗುಂಡು ಹಾರುವ ಕಡೆಗೆ. ಇಲ್ಲಿ ಉಳಿದರೆ ಒಂದು ವಾರ ಒಲೆ ಹಚ್ಚಿ, ದೀಪ ಬೆಳಗಿಸಿ, ಸುಳ್ಳು ಹೇಳಿ ದೋಣಿ ಹತ್ತುವುದಷ್ಟೇ. ಷಡ್ಡಕನ ಹೆಂಡತಿಗೆ ಕೊಟ್ಟ ಮಾತು ಇಷ್ಟು ಸುಲಭವಾಗಿ ನಡೆಯುವುದಾದರೆ ಯಾರು ಬೇಡವೆನ್ನುತ್ತಾರೆ? ಹೀಗಾಗಿ ಲೈನ್‌ಮನ್ ಉಳಿದದ್ದು ಆಪರೇಟರನ ಕೃಪೆಯಿಂದ.

ಅವರ ಕೋಣೆ ಹಿಂದೆ ಯಾವುದೋ ಹಡಗು ಕಂಪನಿಯ ಉಗ್ರಾಣದ ಆಫೀಸು. ಉದ್ದನೆಯ ಮರದ ಕೌಂಟರು, ಮೂಲೆಯಲ್ಲಿ ಮೂಟೆ ತೂಗುವ ಯಂತ್ರ, ಗಾಜು ಒಡೆದ ಕಿಟಕಿಗೆ ಮೊಳೆ ಹೊಡೆದು ಕಟ್ಟಿದ ಕಂಬಳಿ. ಕೌಂಟರಿನ ಮೇಲೆ ಸಾಲಾಗಿ ಸಂದೇಶ ಬಡಿಯುವ ಮೋರ್ಸ್ ಕೀಗಳು, ಒಂದೊಂದು ಬಟಾಲಿಯನ್ನಿಗೆ ಒಂದೊಂದು. ಆಪರೇಟರ್ ಸ್ಟೂಲಿನ ಮೇಲೆ ಕೂತು ಅತ್ತಿಂದಿತ್ತ ಜಾರುತ್ತ, ಬೇರೆ ಬೇರೆಯವರು ಬಡಿದಂತೆ ಕೇಳಲೆಂದು ಮೊದಲನೆಯದಕ್ಕೆ ಎಮ್ಮೆ ನಡಿಗೆಯ ಭಾರದ ಕೈ, ಎರಡನೆಯದಕ್ಕೆ ರೈಲು ತಪ್ಪುತ್ತದೆ ಅನ್ನುವ ಅವಸರದ ಕೈ, ಮೂರನೆಯದಕ್ಕೆ ಎರಡು ಅಕ್ಷರಕ್ಕೊಮ್ಮೆ ಎಡವುವ ಕೈ ಬಳಸುತ್ತಿದ್ದ. ಲೈನ್‌ಮನ್ ಖಾಲಿ ಅಡುಗೆಮನೆಗಳ ಒಲೆ ಹಚ್ಚಿ ಹೊಗೆ ಎಬ್ಬಿಸುವನು, ಒಗೆದ ಬಟ್ಟೆಯನ್ನು ಒಂದು ಹಗ್ಗದಿಂದ ಇನ್ನೊಂದಕ್ಕೆ ಬದಲಿಸುವನು, ಏರಿಯಲ್ ಕಂಬಗಳನ್ನು ಹತ್ತಿ ಇಳಿಯುವನು. ಅಜ್ಜ ಇದ್ದೊಂದು ಲಾರಿಯನ್ನು ಮೈದಾನದ ಸುತ್ತ ಓಡಿಸಿ ಧೂಳೆಬ್ಬಿಸುವನು.

ಸಂದೇಶಗಳು ಹೋಗುತ್ತಿದ್ದದ್ದು ಸಣ್ಣ ಸಂಕೇತದಲ್ಲಿ. ಅದನ್ನು ಶತ್ರು ಒಡೆದಿದ್ದಾನೆಂಬುದು ಎಲ್ಲರಿಗೂ ಗೊತ್ತಿತ್ತು. ಓದಲಿ ಅಂತಲೇ ಅದು. ಗುಟ್ಟು ಹೇಳುವ ದೊಡ್ಡ ಸಂಕೇತ ಬ್ರಿಗೇಡಿನ ಜೊತೆ ಹಡಗು ಹತ್ತಿತ್ತು. ಆಚೆ ದಡದ ಮುಖ್ಯ ಕಚೇರಿಯಲ್ಲಿ ಒಬ್ಬ ಆಪರೇಟರ್ ಸಿದ್ಧ ಉತ್ತರಗಳ ಹಾಳೆ ಇಟ್ಟುಕೊಂಡು ಕೂತಿದ್ದ. ಈ ಕಡೆಯಿಂದ ಏನೇ ಬಂದರೂ ಸುಳ್ಳು, ಅದಕ್ಕೆ ತಕ್ಕ ಉತ್ತರ ಕೊಡು ಎಂದು ಅವನಿಗೆ ಅಪ್ಪಣೆ. ಆ ಕಡೆಯಿಂದ ಮಾತ್ರ ಒಂದು ನಿಜ ಬರಬಹುದಿತ್ತು: 'ರಜೆ ಮಂಜೂರು' ಎಂದರೆ ದೋಣಿ ಹೊರಟಿದೆ, 'ರಜೆ ತಡೆ' ಎಂದರೆ ಇದ್ದಲ್ಲೇ ಇರಿ. ಈ ಕಡೆಯಿಂದ ನಿಜ ಹೇಳಬೇಕಾಗಿ ಬಂದರೆ ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ. ಸುಳ್ಳಿನ ವ್ಯವಸ್ಥೆ ಅಷ್ಟು ಅಚ್ಚುಕಟ್ಟಾಗಿದ್ದಾಗ ನಿಜದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಯಾರು? ಆಪರೇಟರನೂ ಕೇಳಲಿಲ್ಲ.

ಅವನಿಗೆ ತಲೆನೋವಾದದ್ದು ಕಚೇರಿಯವರು ಬರೆದುಕೊಟ್ಟ ಸುಳ್ಳುಗಳ ಸಪ್ಪೆತನ. ಹಿಟ್ಟು ಬಂತು, ಡೀಸೆಲ್ ಬೇಕು, ಪಹರೆ ಬದಲಾಯಿತು.

"ಇಂಥಾ ಬ್ರಿಗೇಡ್ ಎಲ್ಲಾದ್ರೂ ಇರುತ್ತಾ?" ಎಂದ ಅವನು ಚಹಾ ಹೀರುತ್ತ. "ಒಂದು ಜಗಳ ಇಲ್ಲ, ಒಂದು ಚಾಡಿ ಇಲ್ಲ. ಶತ್ರು ಕೂಡ ಸೈನ್ಯದವನೇ ಅಲ್ವಾ, ನಂಬ್ತಾನಾ?"

"ಹಾಗಾದ್ರೆ ಜಗಳ ಹಚ್ಚಿ ಮೇಷ್ಟ್ರೇ," ಎಂದ ಅಜ್ಜ. ಪ್ರತಿಯೊಂದನ್ನೂ ತಿದ್ದುವ ಚಟಕ್ಕಾಗಿ ಆಪರೇಟರನಿಗೆ ಆ ಹೆಸರು. "ನಿಮಗೇನು ಹೇಳಿಕೊಡಬೇಕಾ?"

ಹುಟ್ಟಿತು ಸಾಬೂನಿನ ಪ್ರಕರಣ. ಅದರ ಬೆನ್ನಿಗೇ ಒಬ್ಬ ಡಾಕ್ಟರೂ ಹುಟ್ಟಿದ. ಆಸ್ಪತ್ರೆಯಲ್ಲಿ ಹಾಸಿಗೆಯೆಲ್ಲ ಖಾಲಿ, ತನ್ನ ವಿದ್ಯೆ ತುಕ್ಕು ಹಿಡಿಯುತ್ತಿದೆ, ದಯವಿಟ್ಟು ವರ್ಗ ಮಾಡಿ ಎಂದು ದಿನಕ್ಕೊಂದು ಅರ್ಜಿ ಗುಜರಾಯಿಸುವ ಮುಂಗೋಪಿ ಡಾಕ್ಟರು. ಷಡ್ಡಕನಿಗೆ ಅವನ ಮೇಲೆ ವಿಶೇಷ ಪ್ರೀತಿ.

"ಅಣ್ಣ, ಇವತ್ತು ನಮ್ಮ ಡಾಕ್ಟರ್ ಏನಂದ್ರು?"

"ಇನ್ನೊಂದು ವಾರ ನೋಡಿ ರಾಜೀನಾಮೆ ಕೊಡ್ತಾರಂತೆ."

"ಕೊಡಲಿ ಬಿಡು. ಕಾಯಿಲೆ ಬಿದ್ರೆ ಅಜ್ಜ ಇದ್ದಾನಲ್ಲ, ಗ್ರೀಸ್ ಹಚ್ತಾನೆ."

ವಾರ ಮುಗಿಯಿತು. ದೋಣಿಯ ಬದಲು 'ರಜೆ ತಡೆ' ಬಂತು. ಕೆಲ ದಿನ ಕಳೆದು ಮತ್ತೆ 'ರಜೆ ತಡೆ'. ಆಪರೇಟರನಿಗೆ ಅರ್ಥವಾಯಿತು. ನಾಟಕ ಗೆದ್ದಿತ್ತು. ಶತ್ರುವಿನ ದೊಡ್ಡ ಸೈನ್ಯವೊಂದು ಮೂವರು ಮನುಷ್ಯರನ್ನೂ ಒಂದು ಲಾರಿಯನ್ನೂ ಕಾಯುತ್ತ ಗುಡ್ಡದ ಮೇಲೆ ಕೂತಿತ್ತು. ಹೌಸ್‌ಫುಲ್ ಆಗುತ್ತಿರುವ ನಾಟಕವನ್ನು ಯಾವ ಕಂಪನಿಯೂ ನಿಲ್ಲಿಸುವುದಿಲ್ಲ. ಅವನಿಗೆ ಸಿಟ್ಟು ಬಂದದ್ದು ನಿಜ. ಒಳಗೊಳಗೇ ಹಿಗ್ಗಿದ್ದೂ ನಿಜ.

ಆಗ ವಿಮಾನ ಬಂತು.

ನಡು ಹಗಲು. ತಮ್ಮದೇ ವಿಮಾನ, ತಗ್ಗಾಗಿ ಹಾರಿ, ಮೈದಾನದ ಮೇಲೆ ಪ್ಯಾರಾಚೂಟಿನಲ್ಲಿ ಪೆಟ್ಟಿಗೆಗಳನ್ನು ಉದುರಿಸಿತು. ಊಟವೋ, ಔಷಧಿಯೋ, ದೋಣಿಯ ಸುದ್ದಿಯೋ ಎಂದು ಮೂವರೂ ಬಾಗಿಲಿಗೆ ಓಡಿದರು. ಒಂದು ಪ್ಯಾರಾಚೂಟ್ ಮಾತ್ರ ಬಿಚ್ಚಿಕೊಳ್ಳದೆ, ಒದ್ದೆ ಬಟ್ಟೆಯ ಮುದ್ದೆಯಂತೆ ಪೆಟ್ಟಿಗೆಯ ಹಿಂದೆ ಬಡಿದುಕೊಳ್ಳುತ್ತ ಇಳಿಯಿತು. ಲೈನ್‌ಮನ್ ಏರಿಯಲ್ ಕಂಬಕ್ಕೆ ಪೆಟ್ಟಾದೀತೆಂದು ಹಗ್ಗ ಸಡಿಲಿಸಲು ಆ ಕಡೆಗೇ ಓಡಿದ. ಪೆಟ್ಟಿಗೆ ಕಂಬಕ್ಕೆ ತಾಗಲಿಲ್ಲ. ನೆಲಕ್ಕೆ ಬಡಿದು, ಪುಟಿದು, ಅವನ ಎಡಗಾಲಿನ ಮೇಲೆ, ಮೊಣಕಾಲಿನ ಕೆಳಗೆ ಬಿತ್ತು.

ಉಳಿದಿಬ್ಬರೂ ಸೇರಿ ಪೆಟ್ಟಿಗೆ ಎತ್ತಿದರು. ಹಲಗೆ ಒಡೆದು ಒಳಗಿದ್ದದ್ದು ಹೊರಗೆ ಚೆಲ್ಲಿತ್ತು. ಹಳದಿ ಬಣ್ಣದ ಬಟ್ಟೆ ಸಾಬೂನು.

ಅಜ್ಜ ಒಂದು ಬಾರ್ ಕೈಗೆತ್ತಿಕೊಂಡು ನೋಡಿದ. ಮೇಷ್ಟ್ರ ಮುಖವನ್ನೂ ನೋಡಿದ. ಬಾರನ್ನು ಮೇಷ್ಟ್ರ ಕೈಗಿಟ್ಟು ಲೈನ್‌ಮನ್ನನ ಪಕ್ಕ ಮಂಡಿಯೂರಿದ. ಆ ಬಾರ್ ಕೈಗೆ ಬಂದದ್ದೇ ಆಪರೇಟರನಿಗೆ ಕಪಾಳಕ್ಕೆ ಹೊಡೆದಂತಾಯಿತು.

ನಡೆದದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು. ಸಾಮಗ್ರಿ ವಿಭಾಗಕ್ಕೆ ನಾಟಕದ ವಿಷಯ ಯಾರೂ ಹೇಳಿರಲಿಲ್ಲ. ಅಲ್ಲಿನ ಅಧಿಕಾರಿ ಕರ್ತವ್ಯನಿಷ್ಠ. ಮೂರನೆಯ ಬಟಾಲಿಯನ್ನಿನ ಗೋಳು ಕೇಳಿದ್ದೇ ತಡ, ಓಡಾಡಿ, ವಿಮಾನವನ್ನೇ ಒದಗಿಸಿದ್ದ. ಅದಕ್ಕಾಗಿ ಅವನಿಗೆ ಸರಿಯಾಗಿ ಮಂಗಳಾರತಿ ಆಯಿತು. ಇನ್ನು ಮುಂದೆ ಆ ಬಿಡಾರದಿಂದ ಬರುವ ಒಂದು ಮಾತನ್ನೂ ಯಾವ ವಿಭಾಗವೂ ನಂಬಕೂಡದು ಎಂದು ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಲಾಯಿತು.

ಲೈನ್‌ಮನ್ನನ ಕಾಲಿನ ಮೂಳೆ ಚರ್ಮ ಸೀಳಿ ಹೊರಗೆ ಇಣುಕಿತ್ತು. ಏರಿಯಲ್ ಕೋಲಿನ ತುಂಡುಗಳನ್ನು ಎರಡೂ ಬದಿಗೆ ಇಟ್ಟು ಕಟ್ಟಿದರು. ಕಟ್ಟುವುದು ಹೇಗೆಂದು ಲೈನ್‌ಮನ್ನೇ ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟ.

"ಹಾಗಲ್ಲ ಅಜ್ಜ, ಟೇಪ್ ಅರ್ಧಕ್ಕೆ ಅರ್ಧ ಸೇರಿಸಿ ಸುತ್ತು. ಕೇಬಲ್ ಜಾಯಿಂಟ್ ಮಾಡಿದವನೇ ಅಲ್ಲ ನೀನು."

"ಕೇಬಲ್ ಮಾತಾಡಲ್ಲಪ್ಪ, ಸುಮ್ಮನೆ ಸುತ್ತಿಸಿಕೊಳ್ಳುತ್ತೆ."

ಗಾಯ ತೊಳೆಯಲು ಸಾಬೂನಿಗೇನೂ ಬರವಿರಲಿಲ್ಲ. ಔಷಧಿ ಪೆಟ್ಟಿಗೆಯಲ್ಲಿದ್ದದ್ದು ತಲೆನೋವಿನ ಮಾತ್ರೆ, ಟಿಂಚರ್, ಹತ್ತಿ. ಮೊದಲು ಪಾದ ಊದಿತು. ಮೀನಖಂಡ ಮಿರಿಮಿರಿ ಹೊಳೆಯತೊಡಗಿತು. ಆಮೇಲೆ ವಾಸನೆ ಬಂತು. ಕಿಟಕಿಯ ಕಂಬಳಿ ತೆಗೆದರೂ ಅದು ಹೋಗಲಿಲ್ಲ.

ಆಪರೇಟರ್ ಕೀ ಹಿಡಿದ. ನಾವು ಮೂವರೇ ಇದ್ದೇವೆ, ಒಬ್ಬ ಸಾಯುತ್ತಿದ್ದಾನೆ ಎಂದು ಹೇಳುವಂತಿರಲಿಲ್ಲ, ಶತ್ರು ಓದುತ್ತಾನೆ. ಸುಳ್ಳಿನ ಒಳಗೇ ನಿಜವನ್ನು ತುರುಕಬೇಕು. 'ಒಬ್ಬ ಲೈನ್‌ಮನ್ನನ ಕಾಲು ಮುರಿದು ಕೊಳೆಯುತ್ತಿದೆ. ಕತ್ತರಿಸಬೇಕಾಗಬಹುದು. ಕೂಡಲೇ ದೋಣಿ ಕಳಿಸಿ.'

ಉತ್ತರ ತಡವಾಗಲಿಲ್ಲ. 'ನಿಮ್ಮ ವೈದ್ಯಾಧಿಕಾರಿಗೆ ತೋರಿಸಿ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರುವುದಾಗಿ ಅವರೇ ತಿಳಿಸಿದ್ದಾರೆ.'

ಲೈನ್‌ಮನ್ ಕೌಂಟರಿನ ಕೆಳಗೆ ಹಾಸಿದ ಚಾಪೆಯ ಮೇಲಿಂದ ಕೇಳಿದ, "ಏನಂತೆ?"

ಆಪರೇಟರ್ ಓದಿ ಹೇಳಿದ. ಮುಚ್ಚಿಡೋಣವೆಂದರೆ ತನ್ನ ಮುಖವನ್ನೇ ಓದಬಲ್ಲ ಷಡ್ಡಕನ ಹತ್ತಿರ ಮುಚ್ಚಿಡುವುದು ಹೇಗೆ?

"ಕರೀ ಅಣ್ಣ ನಿನ್ನ ಡಾಕ್ಟರನ್ನ," ಎಂದು ಅವನು ನಕ್ಕ. ನಗು ಕಾಲಿನವರೆಗೆ ಹೋಗಿ ಮುಲುಕಾಯಿತು. "ಪಾಪ, ಕೆಲಸ ಇಲ್ಲ ಅಂತ ಅಳ್ತಿದ್ರು."

ಮರುದಿನ ಆಪರೇಟರ್ ಡಾಕ್ಟರನ್ನು ಸಾಯಿಸಿದ. 'ವೈದ್ಯಾಧಿಕಾರಿ ಹೃದಯಾಘಾತದಿಂದ ತೀರಿಕೊಂಡರು. ಗಾಯಾಳುವಿಗೆ ನೋಡುವವರಿಲ್ಲ. ದೋಣಿ ಕಳಿಸಿ.' ಉತ್ತರ ಬಂತು: 'ತೀವ್ರ ಸಂತಾಪ. ಬದಲಿ ವೈದ್ಯರ ನೇಮಕ ಪರಿಶೀಲನೆಯಲ್ಲಿದೆ.' ಆಚೆ ದಡದಲ್ಲಿ ಕೂತವನು ಈ ತಿರುವನ್ನು ಮೆಚ್ಚಿಕೊಂಡನೆಂದು ಅವನ ಕೈಯ ಲಯದಲ್ಲೇ ಗೊತ್ತಾಗುತ್ತಿತ್ತು. ಒಳ್ಳೆಯ ಪಾತ್ರಧಾರಿಗೆ ಎದುರು ಪಾತ್ರ ಮಾಡುವವನ ಹುರುಪು ಅದರಲ್ಲಿತ್ತು. ಆಪರೇಟರ್ ಕೀಯನ್ನು ಕಿತ್ತು ಗೋಡೆಗೆ ಅಪ್ಪಳಿಸಬೇಕೆಂದುಕೊಂಡ. ಆದರೆ ಮೊದಲನೆಯ ಬಟಾಲಿಯನ್ನಿನ ಪಹರೆ ಬದಲಾಗುವ ಹೊತ್ತಾಗಿತ್ತು. ಎಮ್ಮೆ ನಡಿಗೆಯ ಕೈಯಲ್ಲಿ ಅದನ್ನು ಕಳಿಸಿದ.

ಬಾಗಿಲಾಚೆ ಅಜ್ಜ ಲಾರಿಯ ಚಕ್ರಕ್ಕೆ ಒರಗಿ ಕೂತಿದ್ದ. ಆಪರೇಟರ್ ಹೋಗಿ ಪಕ್ಕದಲ್ಲಿ ಕೂತ.

"ಮೇಲಕ್ಕೆ ಏರ್ತಾ ಇದೆ," ಎಂದ ಅಜ್ಜ. "ಮೊಣಕಾಲು ದಾಟಿದ್ರೆ ದೋಣಿ ಬಂದೂ ಪ್ರಯೋಜನ ಇಲ್ಲ."

"ಗೊತ್ತು."

"ಏನು ಹೇಳಿದ್ರೂ ನಂಬಲ್ಲ ಅವ್ರು."

"ಹೇಳಿದ್ರೆ ನಂಬಲ್ಲ." ಆಪರೇಟರ್ ಸ್ವಲ್ಪ ಹೊತ್ತು ನೆಲ ಕೆರೆದ. "ಹೇಳೋದು ನಿಲ್ಲಿಸಿಬಿಟ್ರೆ?"

ಅಜ್ಜ ತಿರುಗಿ ನೋಡಿದ.

"ನೋಡು ಅಜ್ಜ. ನಾನು ಏನೇ ಬಡಿದ್ರೂ ಅವನ ಹಾಳೆಯಲ್ಲಿ ಒಂದು ಉತ್ತರ ಇದೆ. ಮಾತಿನ ಮಧ್ಯದಲ್ಲಿ ಕೈ ನಿಂತುಹೋದ್ರೆ? ಅದಕ್ಕೆ ಉತ್ತರ ಯಾರೂ ಬರೆದುಕೊಟ್ಟಿರಲ್ಲ. ಯಾವ ಆಪರೇಟರೂ ಅಂಥಾ ಹೊತ್ತಲ್ಲಿ ಕುರ್ಚಿ ಮೇಲೆ ಕೂತಿರಲ್ಲ. ಸಾಹೇಬರ ಹತ್ರ ಓಡ್ತಾನೆ."

"ಓಡ್ತಾನೆ ಸರಿ. ಗುಡ್ಡದ ಮೇಲಿನವನಿಗೂ ಕಿವಿ ಇದೆಯಲ್ಲ ಸ್ವಾಮಿ? ಅವನು ಕುರ್ಚಿ ಮೇಲೆ ಕೂತಿರ್ತಾನಾ?"

"ಇಲ್ಲ."

"ದೋಣಿ ಮೊದಲು ಬರುತ್ತೋ, ಅವನು ಮೊದಲು ಬರ್ತಾನೋ?"

"ಗೊತ್ತಿಲ್ಲ. ನಿನಗೆ ಬೇಡ ಅನ್ನಿಸಿದ್ರೆ ಹೇಳಿಬಿಡು. ನನ್ನ ಷಡ್ಡಕನಿಗೋಸ್ಕರ ನಿನ್ನ ತಲೆ ಒಡ್ಡೋಕೆ ನನಗೆ ಅಧಿಕಾರ ಇಲ್ಲ."

ಅಜ್ಜ ಎದ್ದು ಪ್ಯಾಂಟಿನ ಧೂಳು ಕೊಡವಿದ. "ಒಂದು ತಿಂಗಳಿಂದ ಇಡೀ ಬ್ರಿಗೇಡಿಗೆ ಕರೆಂಟ್ ಕೊಟ್ಟು ಸಾಕಾಗಿದೆ. ಜನರೇಟರಿಗೂ ರಜೆ ಬೇಕು." ನಾಲ್ಕು ಹೆಜ್ಜೆ ಹೋಗಿ ನಿಂತ. "ಒಳಗೆ ಹೋಗಿ ಮೇಷ್ಟ್ರೇ. ನಾನಾಗಿ ಆರಿಸಲ್ಲ. ನೀವು ಕೂಗಿದ ಮೇಲೆ ಆರಿಸ್ತೀನಿ."

ಆಪರೇಟರ್ ಮೂರನೆಯ ಬಟಾಲಿಯನ್ನಿನ ಕೀ ಮುಂದೆ ಕೂತ. ಅದರ ಎಡವುವ ಕೈಯಲ್ಲಿ ಮಾಮೂಲಿ ಸಂದೇಶವೊಂದನ್ನು ಶುರು ಮಾಡಿದ: 'ಇಂದಿನ ಹಾಜರಿ ಸಂಪೂರ್ಣ, ಗಾಯಾಳುಗಳ ಸಂಖ್ಯೆ' ಎಂಬಲ್ಲಿಗೆ ಬೆರಳೆತ್ತಿದ. ಹೊರಗೆ ಕೂಗಿ ಹೇಳಿದ. ಜನರೇಟರ್ ಕೆಮ್ಮಿ, ಮುಲುಗಿ ಸುಮ್ಮನಾಯಿತು. ಸೆಟ್ಟಿನ ದೀಪ ಆರಿತು. ತಿಂಗಳಿನಿಂದ ಕಿವಿಯಲ್ಲಿ ತುಂಬಿದ್ದ ಗುಂಯ್ ಸದ್ದು ಹೋಗಿ, ಸಮುದ್ರದ ಸದ್ದು ಮೊದಲ ಸಲ ಕೋಣೆಯೊಳಗೆ ಬಂತು.

ಚಾಪೆಯ ಮೇಲೆ ಜ್ವರದಲ್ಲಿ ಬಿದ್ದಿದ್ದ ಲೈನ್‌ಮನ್ ಕಣ್ಣು ಬಿಟ್ಟ.

"ಅಣ್ಣ, ಲೈನ್ ಸತ್ತಿದೆ."

"ಇಲ್ಲ, ಮಲಕ್ಕೋ."

"ಸತ್ತಿದೆ ಅಂತೀನಲ್ಲ. ಎಲ್ಲೋ ಕಟ್ ಆಗಿದೆ. ನನ್ನ ಬೆಲ್ಟ್ ಎಲ್ಲಿ?" ಅವನು ಮೊಣಕೈ ಊರಿ ಏಳಲು ನೋಡಿದ. ಆಪರೇಟರ್ ಎರಡೂ ಭುಜ ಹಿಡಿದು ಒತ್ತಿದ. ಮೈ ಕಾದ ಕಾವಲಿಯಂತಿತ್ತು. "ಬಿಡು ಅಣ್ಣ. ಮೂರನೇ ಬಟಾಲಿಯನ್ ಅವ್ರು ಕಾಯ್ತಿರ್ತಾರೆ. ಪಾಪ, ಮೊದಲೇ ಸಾಬೂನಿಲ್ಲ ಅವರಿಗೆ."

"ನಾನೇ ನಿಲ್ಲಿಸಿದ್ದು ಕಣೋ. ಲೈನ್ ಚೆನ್ನಾಗಿದೆ."

"ನಿನಗೇನು ಗೊತ್ತು ಲೈನ್ ವಿಷಯ," ಎಂದು ಅವನು ಸಿಡುಕಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆಲ್ಟ್ ಕೇಳಿದ. ಆ ದಿನ ಪೂರ್ತಿ ಹೀಗೇ: ಸದ್ದಿಲ್ಲದ್ದು ಕಿವಿಗೆ ಬಿದ್ದಾಗಲೆಲ್ಲ ಏಳುವುದು, ಷಡ್ಡಕ ಒತ್ತಿ ಮಲಗಿಸುವುದು. ಅಜ್ಜ ಒದ್ದೆ ಬಟ್ಟೆ ಬದಲಿಸುತ್ತಿದ್ದ, ಮಧ್ಯೆ ಮಧ್ಯೆ ಬಾಗಿಲಿಗೆ ಹೋಗಿ ಸಮುದ್ರ ನೋಡುತ್ತಿದ್ದ. ಆಪರೇಟರ್ ನೋಡುತ್ತಿದ್ದದ್ದು ಗುಡ್ಡದ ಕಡೆ.

ಮಾರನೆಯ ದಿನ ಗುಡ್ಡ ಮಾತಾಡಿತು. ಮೊದಲ ಷೆಲ್ ಮೈದಾನದಾಚೆ ಬಿತ್ತು. ಎರಡನೆಯದು ಬಟ್ಟೆ ಒಣಹಾಕಿದ ಹಗ್ಗಗಳನ್ನು ಹಾರಿಸಿತು. ಆಮೇಲೆ ಬಿಡುವು. ಯಾರಾದರೂ ತಿರುಗಿ ಬಯ್ಯುತ್ತಾರೇನೋ ಎಂದು ಕಾಯುವವರಂತೆ ಅವರು ಕಾದರು. ಬಯ್ಯಲು ಬ್ರಿಗೇಡು ಇರಲಿಲ್ಲ. ಮೂರನೆಯದು ಅಡುಗೆಮನೆಯ ಮೇಲೆ ಬಿತ್ತು. ಗುಡ್ಡದ ಇಳಿಜಾರಿನಲ್ಲಿ ಚುಕ್ಕೆಗಳಂತೆ ಕೆಲವರು ಇಳಿಯುವುದು ಕಾಣಿಸಿತು. ಅವರು ಅವಸರ ಮಾಡಲಿಲ್ಲ. ನಂಬಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ.

ಹೊತ್ತು ಇಳಿಯುವ ಮುಂಚೆ ಅಜ್ಜ ಬಾಗಿಲಲ್ಲಿ ಕೂಗಿದ, "ಮೇಷ್ಟ್ರೇ! ದೋಣಿ!"

ಇಳಿದವನು ಅದೇ ಕ್ಯಾಪ್ಟನ್. ಜೊತೆಗೆ ಇಬ್ಬರು ಸಿಪಾಯಿಗಳು. ಬಾಗಿಲು ದಾಟುವ ಮೊದಲೇ ಅವನ ಬಾಯಿ ಶುರುವಾಯಿತು.

"ಯಾಕಯ್ಯಾ ನಿಲ್ಲಿಸಿದ್ದು? ಯಾರು ಹೇಳಿದ್ರು ನಿಲ್ಲಿಸು ಅಂತ? ಸೆಟ್ ಕೆಟ್ಟಿದೆಯಾ?"

"ಇಲ್ಲ ಸಾರ್. ಚೆನ್ನಾಗಿದೆ."

"ಮತ್ತೆ?"

ಆಪರೇಟರ್ ಪಕ್ಕಕ್ಕೆ ಸರಿದು ನಿಂತ. ಕ್ಯಾಪ್ಟನ್ನಿಗೆ ಮೊದಲು ವಾಸನೆ ತಾಗಿತು, ಆಮೇಲೆ ಕಾಲು ಕಾಣಿಸಿತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದನ್ನ ಯಾಕೆ ತಿಳಿಸಲಿಲ್ಲ?"

"ತಿಳಿಸಿದ್ದೆ ಸಾರ್. ಎರಡು ಸಲ."

ಕ್ಯಾಪ್ಟನ್ ಟೋಪಿಯ ಅಂಚನ್ನು ಒರೆಸಿದ. "ಆ ಡಾಕ್ಟರ್ ಸತ್ತಿದ್ದು ಕೇಳಿ ಕಚೇರಿಯ ಮೆಸ್ಸಿನಲ್ಲೆಲ್ಲ ಬಿದ್ದು ಬಿದ್ದು ನಕ್ಕಿದ್ವಿ," ಎಂದ. ಅದು ಕ್ಷಮೆ ಕೇಳಿದ್ದೋ ಸುಮ್ಮನೆ ಹೇಳಿದ್ದೋ ತಿಳಿಯುವಂತಿರಲಿಲ್ಲ. ಕಿಟಕಿಯಿಂದ ಗುಡ್ಡದ ಕಡೆ ನೋಡಿದ. "ಇನ್ನು ಅವರು ಇಲ್ಲಿ ಕಾಯಲ್ಲ. ಎತ್ತ ಹೋಗ್ತಾರೆ ಗೊತ್ತಲ್ಲ? ನಮ್ಮವರ ಮೇಲೆ. ನಮ್ಮವರು ಈ ಬದಿಗೆ ಇನ್ನೂ ಕಂದಕ ಕೂಡ ತೋಡಿಲ್ಲ."

"ಗೊತ್ತು ಸಾರ್."

"ಗೊತ್ತಿದ್ದೂ ನಿಲ್ಲಿಸಿದೆ."

"ಹೌದು ಸಾರ್."

"ಬಯ್ಯೋದು ದೋಣಿಯಲ್ಲಿ ಬಯ್ಯಿರಿ ಸಾರ್," ಎಂದ ಅಜ್ಜ, ಲೈನ್‌ಮನ್ನನ ತಲೆಯ ಕಡೆ ಬಾಗಿ ಚಾಪೆಯ ಎರಡೂ ತುದಿ ಹಿಡಿಯುತ್ತ. "ಕಾಲಿನ ಕಡೆ ಯಾರು ಹಿಡೀತೀರಿ? ಮೆಲ್ಲಗೆ."

ಸಿಪಾಯಿಗಳು ಹಿಡಿದರು. ದಂಡೆಯವರೆಗೆ ಆಪರೇಟರ್ ಪಕ್ಕದಲ್ಲೇ ನಡೆದ. ಲೈನ್‌ಮನ್ ಒಮ್ಮೆ ಕಣ್ಣು ತೆರೆದು ಏರಿಯಲ್ ಕಂಬಗಳನ್ನು ನೋಡಿ, "ಅವನ್ನು ಇಳಿಸೋರು ಯಾರು?" ಎಂದು ಕೇಳಿದ.

ದೋಣಿ ಹೊರಟ ಮೇಲೆ, ದಡ ಇನ್ನೂ ಕಾಣುತ್ತಿರುವಾಗಲೇ ಅವನು ಸತ್ತ. ಶತ್ರು ಖಾಲಿ ಬಿಡಾರವನ್ನು ಹೊಕ್ಕು, ಅಲ್ಲಿಂದ ಬ್ರಿಗೇಡು ಹೋದ ದಿಕ್ಕಿಗೆ ಹೊರಟ. ಬ್ರಿಗೇಡಿನ ಮೂರರಲ್ಲಿ ಒಂದು ಪಾಲು ಅಲ್ಲಿ ನಾಶವಾಯಿತು. ವಿಚಾರಣೆ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಅಪ್ಪಣೆಯಿಲ್ಲದೆ ಸಂಪರ್ಕ ಕಡಿದ ತಪ್ಪಿಗೆ ಆಪರೇಟರನ ತೋಳಿನ ಮೇಲಿನ ದರ್ಜೆಯ ಪಟ್ಟಿಗಳಲ್ಲಿ ಒಂದನ್ನು ಕಿತ್ತರು.